ಅಂಗಳ ವಿಸ್ತರಿಸಲು 5 ಮೀಟರ್ ತಡೆಗೋಡೆ: ಜಿಯೋಗ್ರಿಡ್ ಹಾಸಿ ನಮ್ಮದೇ ಧರೆಯ ಮಣ್ಣು ತುಂಬಬಹುದೇ?

ಅಡಿಕೆಸಾಲು

ಎಲ್ಲರಿಗೂ ನಮಸ್ಕಾರ. ಕೊಪ್ಪ ತಾಲ್ಲೂಕಿನಲ್ಲಿ ನಮ್ಮದು ಇಳಿಜಾರಿನ ಮೇಲಿನ ಮನೆ. ಸುಲಿದ ಅಡಿಕೆ ಹರಡಲು ಮುಂದಿನ ಅಂಗಳ ಸಾಲುತ್ತಿಲ್ಲ. ತೋಟದ ಕಡೆಗೆ 22 ಮೀಟರ್ ಉದ್ದಕ್ಕೆ ತಡೆಗೋಡೆ ಕಟ್ಟಿ, ಮಣ್ಣು ತುಂಬಿ, ಅಂಗಳವನ್ನು 8 ಮೀಟರ್ ಹೊರಕ್ಕೆ ತರಬೇಕೆಂಬ ಆಸೆ. ಅಷ್ಟು ಹೊರಕ್ಕೆ ಹೋದರೆ ನೆಲ 5 ಮೀಟರ್ ಕೆಳಗಿರುತ್ತದೆ. ಮನೆಯ ಹಿಂದೆ 4 ಮೀಟರ್ ಎತ್ತರದ ಧರೆಯೂ (ಗುಡ್ಡ ಕಡಿದಲ್ಲಿ ನೆಟ್ಟಗೆ ನಿಂತ ಮಣ್ಣಿನ ಮುಖ) ಇದೆ. ಮಳೆಗಾಲದಲ್ಲಿ ಒಂದೊಂದು ಬುಟ್ಟಿ ಮಣ್ಣು ಕಿತ್ತು ಬಚ್ಚಲ ಗೋಡೆಗೆ ಒರಗುತ್ತದೆ.

ಕಾಂಟ್ರಾಕ್ಟರ್ ಒಬ್ಬರು ಬಂದು ನೋಡಿ, ಎರಡಕ್ಕೂ ಒಂದೇ ಮದ್ದು ಹೇಳಿದರು. ಹಿಂದಿನ ಧರೆಯನ್ನು ಜೆಸಿಬಿಯಲ್ಲಿ ಕಡಿಯುವುದು, ಅದೇ ಮಣ್ಣನ್ನು ಮುಂದೆ ತುಂಬುವುದು, ಪದರ ಪದರಕ್ಕೆ ಜಿಯೋಗ್ರಿಡ್ ಎಂಬ ಪ್ಲಾಸ್ಟಿಕ್ ಬಲೆ ಹಾಸುವುದು, ಎರಡೂ ಕಡೆ ಕಾಂಕ್ರೀಟ್ ಬ್ಲಾಕಿನ ಮುಖ ಕಟ್ಟುವುದು. ಫ್ಲೈಓವರಿನ ಬದಿಯಲ್ಲಿ ಕಾಣುವ ಆರ್‌ಇ ವಾಲ್ (ಒಳಗೆ ಪಟ್ಟಿ ಅಥವಾ ಬಲೆ ಹಾಸಿ ಬಲಪಡಿಸಿದ ಮಣ್ಣಿನ ಗೋಡೆ) ಇದೇ ಅಂತೆ. ಕಬ್ಬಿಣದ ಕಾಂಕ್ರೀಟ್ ಗೋಡೆಗಿಂತ ಮೂರನೇ ಒಂದು ಪಾಲು ಅಗ್ಗ ಎಂದರು. ಕೇಳುವುದಕ್ಕೆ ಚೆನ್ನಾಗಿದೆ. ಅದಕ್ಕೇ ಅನುಮಾನ.

ಮುರಕಲ್ಲು

ಮಾರಾಯರೇ, ಒಂದು ಅಂಗಳಕ್ಕೆ ಪ್ಲಾಸ್ಟಿಕ್ ಬಲೆ ಯಾಕೆ? ನಮ್ಮದು ಉಡುಪಿ ಕಡೆ. ಅಪ್ಪ, ಅಜ್ಜ ಎಲ್ಲ ಕೆಂಪುಕಲ್ಲಿನ ಕೆಲಸದವರು. ಗಾರೆ ಹಾಕದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಆಳೆತ್ತರದ ಕಟ್ಟೆಗಳು ನಾನು ಹುಟ್ಟುವುದಕ್ಕೆ ಮೊದಲಿನಿಂದ ನಿಂತಿವೆ. ಮಣ್ಣಿನೊಳಗೆ ಏನು ಹುದುಗಿಸಿದ್ದಾರೆ ಎಂಬುದು ಹತ್ತು ವರ್ಷದ ನಂತರ ಯಾರಿಗೆ ಕಾಣುತ್ತದೆ? ಕಲ್ಲಾದರೆ ಕಣ್ಣೆದುರಿಗೆ ಇರುತ್ತದೆ.

ಜರಡಿ

ಮುರಕಲ್ಲು ಅವರೇ, ನಿಮ್ಮ ಅಪ್ಪನ ಕಟ್ಟೆ ನಿಂತಿರುವುದಕ್ಕೆ ಕಲ್ಲು ಎಷ್ಟು ಕಾರಣವೋ ಕಲ್ಲಿನ ಸಂದುಗಳೂ ಅಷ್ಟೇ ಕಾರಣ. ನೀರು ಹಿಂದೆ ನಿಲ್ಲದೆ ಸಂದಿನಿಂದ ಸೋರಿ ಹೋಗುತ್ತದೆ. ಅದೇ ಕಟ್ಟೆಗೆ ಮೊಮ್ಮಕ್ಕಳು ಅಂದಕ್ಕೆಂದು ಸಿಮೆಂಟ್ ಬಳಿದ ಮೇಲೆ ಹೊಟ್ಟೆ ಬಿಟ್ಟದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಆದರೆ 5 ಮೀಟರ್ ಎಂದರೆ ಆಳೆತ್ತರದ ಮೂರು ಪಟ್ಟು. ಆ ಎತ್ತರವನ್ನು ಬರೀ ಕಲ್ಲಿನ ತೂಕದಿಂದ ಹಿಡಿಯಲು ಬುಡದಲ್ಲಿ ಎರಡೂವರೆ ಮೂರು ಮೀಟರ್ ದಪ್ಪ ಬೇಕು.

ಅಡಿಕೆಸಾಲು ಅವರೇ, ನಾನು ಮಣ್ಣಿನ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವಳು. ನಿಮ್ಮ ಕಾಂಟ್ರಾಕ್ಟರ್ ಹೇಳಿದ್ದರಲ್ಲಿ ಎರಡು ಬೇರೆ ಬೇರೆ ಕೆಲಸಗಳು ಕಲಸಿಹೋಗಿವೆ. ಮುಂದಿನದು ತುಂಬುವ ಕೆಲಸ. ಹಿಂದಿನದು ಕಡಿದದ್ದನ್ನು ಹಿಡಿದು ನಿಲ್ಲಿಸುವ ಕೆಲಸ. ಜಿಯೋಗ್ರಿಡ್ ಗೋಡೆ ತುಂಬುವ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಬಲೆಯನ್ನು ಕೆಳಗಿನಿಂದ ಮೇಲಕ್ಕೆ, ಮಣ್ಣಿನ ಪದರಗಳ ನಡುವೆ ಹಾಸುತ್ತಾ ಬರಬೇಕು. ಹಿಂದಿನ ಧರೆಗೆ ಅದನ್ನೇ ಮಾಡಬೇಕಾದರೆ ಬಲೆ ಹಾಸಲು ಇನ್ನೂ ಮೂರು ಮೀಟರ್ ಗುಡ್ಡ ಕಡಿಯಬೇಕು. ಆ ಮೂರು ಮೀಟರ್ ಕಡಿಯುವಾಗ ಮೇಲಿನ ಗುಡ್ಡವನ್ನು ಯಾರು ಹಿಡಿದುಕೊಳ್ಳುತ್ತಾರೆ? ಅಲ್ಲಿಗೆ ಸಾಯಿಲ್ ನೇಲಿಂಗ್ ಸೂಕ್ತ. ಮೇಲಿನಿಂದ ಸ್ವಲ್ಪ ಸ್ವಲ್ಪವೇ ಕಡಿಯುತ್ತಾ, ಅಂಗೈ ಅಗಲದ ರಂಧ್ರ ಕೊರೆದು, ಕಬ್ಬಿಣದ ಸರಳು ತೂರಿಸಿ, ಸಿಮೆಂಟ್ ಹಾಲು ತುಂಬಿ, ಮುಖಕ್ಕೆ ಜಾಲರಿ ಮತ್ತು ಸಿಂಪಡಿಸುವ ಕಾಂಕ್ರೀಟ್. ಇದು ಮೇಲಿನಿಂದ ಕೆಳಗೆ ಬರುವ ಕೆಲಸ, ಅದು ಕೆಳಗಿನಿಂದ ಮೇಲೇಳುವ ಕೆಲಸ. ಎರಡಕ್ಕೂ ಒಂದೇ ಮದ್ದು ಹೇಳಿದವರಿಗೆ ಈ ವ್ಯತ್ಯಾಸ ಗೊತ್ತಿದೆಯೇ ಎಂದು ಮೊದಲು ಕೇಳಿ.

ಈಗ ಮುಂದಿನ ಗೋಡೆಯನ್ನಷ್ಟೇ ಮಾತನಾಡೋಣ. ತುಂಬಬೇಕೆಂದಿರುವ ಆ ಧರೆಯ ಮಣ್ಣು ಹೇಗಿದೆ? ಬಣ್ಣ, ಜಿಗುಟು, ಒದ್ದೆಯಾದಾಗ ಕಾಲಿಗೆ ಅಂಟುತ್ತದೆಯೇ?

ಕುತೂಹಲಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸಿವಿಲ್ ಮೂರನೇ ವರ್ಷ. ಒಂದು ಗೇಣಿಗಿಂತ ತೆಳುವಾದ ಪ್ಯಾನೆಲ್ ಎಂಟು ಹತ್ತು ಮೀಟರ್ ಮಣ್ಣನ್ನು ಹೇಗೆ ತಡೆಯುತ್ತದೆ ಎನ್ನುವುದು ನನಗೆ ಇವತ್ತಿಗೂ ಹೊಟ್ಟೆಗೆ ಇಳಿದಿಲ್ಲ. ಸೂತ್ರ ಬರೆಯುತ್ತೇನೆ, ಅಂಕ ಬರುತ್ತದೆ, ಅಷ್ಟೇ.

ಜರಡಿ

ಪ್ಯಾನೆಲ್ ತಡೆಯುವುದಿಲ್ಲ. ಅದು ಅಂಗಿಯ ಗುಂಡಿ ಇದ್ದ ಹಾಗೆ. ಹಿಂದಿನ ಮಣ್ಣಿನ ರಾಶಿಯೇ ಗೋಡೆ.

ಒಣ ಮರಳನ್ನು ನೆಲಕ್ಕೆ ಸುರಿದರೆ ಸುಮಾರು 30 ಡಿಗ್ರಿಯ ಗುಡ್ಡೆಯಾಗಿ ಕೂರುತ್ತದೆ, ಅದಕ್ಕಿಂತ ಕಡಿದಾಗಿ ನಿಲ್ಲುವುದಿಲ್ಲ. ಕಣಗಳು ಪಕ್ಕಕ್ಕೆ ಸರಿಯಲು ನೋಡುತ್ತವೆ. ನಡುನಡುವೆ ಒಂದು ಪಟ್ಟಿ ಹಾಸಿದರೆ, ಸರಿಯಲು ಹೊರಟ ಕಣ ಪಟ್ಟಿಗೆ ಉಜ್ಜುತ್ತದೆ. ಮೇಲಿನ ಮಣ್ಣಿನ ಭಾರ ಆ ಉಜ್ಜುವಿಕೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅಂದರೆ ಗೋಡೆಯನ್ನು ದೂಡುವ ಭಾರವೇ ಅದನ್ನು ಹಿಡಿದುಕೊಳ್ಳಲೂ ನೆರವಾಗುತ್ತದೆ. ನನಗೆ ಈ ವಿದ್ಯೆಯಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದು.

ಇದನ್ನು ಲೆಕ್ಕಕ್ಕೆ ತಂದವರು ಫ್ರಾನ್ಸಿನ ಆನ್ರಿ ವಿದಾಲ್. 1960ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದರು. 1965ರಲ್ಲಿ ಪಿರನೀಸ್ ಪರ್ವತದಲ್ಲಿ ಮೊದಲ ಗೋಡೆ ಎದ್ದಿತು. ಅವರು ಬಳಸಿದ್ದು ಕಬ್ಬಿಣದ ಪಟ್ಟಿ. ಪ್ಲಾಸ್ಟಿಕ್ ಗ್ರಿಡ್ ಬಂದದ್ದು ಆಮೇಲೆ. ಉಪಾಯವಂತೂ ಹಳೆಯದೇ: ಚೀನಾದ ಮಹಾಗೋಡೆಯ ದುನ್‌ಹುವಾಂಗ್ ಕಡೆಯ ಮರುಭೂಮಿ ಭಾಗದಲ್ಲಿ ಮರಳು, ಜಲ್ಲಿ ಬೆರೆತ ಮಣ್ಣಿನ ಪದರಗಳ ನಡುವೆ ಜೊಂಡು ಮತ್ತು ರೆಂಬೆಗಳನ್ನು ಹಾಸಿದ್ದು ಇಂದಿಗೂ ಕಾಣುತ್ತದೆ.

ಲೆಕ್ಕ ಬೇಕಿದ್ದರೆ ಇವರ ಅಂಗಳದ್ದನ್ನೇ ಮಾಡೋಣ. ಒಳ್ಳೆಯ ಗರಸು ಮಣ್ಣು, ಘನ ಮೀಟರಿಗೆ 1.8 ಟನ್, ಘರ್ಷಣೆಯ ಕೋನ (ಕಣಗಳು ಒಂದಕ್ಕೊಂದು ಉಜ್ಜಿ ಹಿಡಿದುಕೊಳ್ಳುವ ಶಕ್ತಿಯ ಅಳತೆ) 30 ಡಿಗ್ರಿ. 5 ಮೀಟರ್ ಆಳದಲ್ಲಿ ಮೇಲಿನಿಂದ ಬರುವ ಒತ್ತಡ ಚದರ ಮೀಟರಿಗೆ 9 ಟನ್. ಅದರ ಮೂರನೇ ಒಂದು ಪಾಲು, ಅಂದರೆ 3 ಟನ್, ಪಕ್ಕಕ್ಕೆ ದೂಡುತ್ತದೆ. ಗ್ರಿಡ್‌ಗಳ ನಡುವಿನ ಅಂತರ 60 ಸೆಂಟಿಮೀಟರ್ ಎಂದರೆ ತಳದ ಗ್ರಿಡ್ ಮೇಲೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ 1.8 ಟನ್ ಎಳೆತ. ಅಂಗಳಕ್ಕೆ ಪಿಕಪ್ ಗಾಡಿ ಬರುತ್ತದೆ ಎಂದು ಇನ್ನೊಂದಿಷ್ಟು ಸೇರಿಸಿ, 2 ಟನ್ ಎನ್ನಿ. ಇದು ದೊಡ್ಡ ಸಂಖ್ಯೆಯೇನಲ್ಲ. ಆದರೆ ಸುರುಳಿಯ ಮೇಲೆ ಅಚ್ಚಾದ ಬಲವನ್ನು ನಂಬಿ ಗ್ರಿಡ್ ಕೊಳ್ಳಬೇಡಿ. ಪ್ಲಾಸ್ಟಿಕ್ ವರ್ಷಾನುಗಟ್ಟಲೆ ಎಳೆತದಲ್ಲಿದ್ದರೆ ಹಿಗ್ಗುತ್ತದೆ. ಹಾಸುವಾಗ ಕಲ್ಲು ಚುಚ್ಚಿ ಗಾಯವಾಗುತ್ತದೆ. ಇವನ್ನೆಲ್ಲ ಕಳೆದರೆ ಕೈಗೆ ಸಿಗುವುದು ಹೆಚ್ಚುಕಡಿಮೆ ಅರ್ಧ.

ಹೆದ್ದಾರಿಹುಳು

ಮೇಡಂ ಹೇಳಿದ್ದಕ್ಕೆ ಸೈಟಿನ ಮಾತು ಸೇರಿಸುತ್ತೇನೆ. ರಸ್ತೆ ಕೆಲಸದಲ್ಲಿ ಹನ್ನೊಂದು ವರ್ಷ, ಅದರಲ್ಲಿ ಆರು ವರ್ಷ ಆರ್‌ಇ ವಾಲ್. ನಕ್ಷೆಯಲ್ಲಿ ಎಲ್ಲವೂ ಸರಿ ಇರುತ್ತದೆ. ಕೆಡುವುದು ಸಂಜೆ ಐದರ ಮೇಲೆ, ಮಳೆ ಬರುವಂತಿರುವಾಗ, ಕೊನೆಯ ಲಾರಿ ಮಣ್ಣು ಬಂದಾಗ.

ಒಂದು ಸಲ ನಾನು ರಜೆಯಲ್ಲಿದ್ದೆ. ವಾಪಸು ಬಂದಾಗ ಹೊಸದಾಗಿ ಸೇರಿದ್ದ ಹುಡುಗರು ಗ್ರಿಡ್ ಸುರುಳಿಯನ್ನು ಗೋಡೆಯ ಉದ್ದಕ್ಕೆ, ಜಮಖಾನೆ ಹಾಸಿದ ಹಾಗೆ ಬಿಚ್ಚಿದ್ದರು. ನೋಡಲು ಬಹಳ ನೀಟು. ಈ ಗ್ರಿಡ್‌ಗೆ ಬಲ ಇರುವುದು ಒಂದೇ ದಿಕ್ಕಿನಲ್ಲಿ, ಸುರುಳಿ ಬಿಚ್ಚಿಕೊಳ್ಳುವ ದಿಕ್ಕಿನಲ್ಲಿ. ಆ ದಿಕ್ಕು ಗೋಡೆಯ ಮುಖಕ್ಕೆ ಅಡ್ಡವಾಗಿ, ಮುಖದಿಂದ ಒಳಕ್ಕೆ ಇರಬೇಕು. ಅವರು ಹಾಸಿದ ರೀತಿಯಲ್ಲಿ ಅದು ಅಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎರಡು ಪದರ ಮಣ್ಣು ತೆಗೆಸಿದೆ. ಬೈಗುಳ ನನಗೇ ಬಂತು, ಡೀಸೆಲ್ ಹಾಳಾಯಿತು ಎಂದು.

ನಿಮ್ಮ ಕೆಲಸಕ್ಕೆ ನಾಲ್ಕು ಮಾತು. ಒಂದು ಪದರ ಎಂದರೆ ಕುಟ್ಟಿದ ಮೇಲೆ 20 ಸೆಂಟಿಮೀಟರ್, ಅದಕ್ಕಿಂತ ದಪ್ಪ ಹಾಕಿ ಒಂದೇ ಸಲ ರೋಲರ್ ಓಡಿಸಿದರೆ ಮೇಲೆ ಮಾತ್ರ ಗಟ್ಟಿಯಾಗುತ್ತದೆ. ಗ್ರಿಡ್ ಮೇಲೆ ನೇರವಾಗಿ ಯಾವ ಗಾಡಿಯೂ ಹತ್ತಬಾರದು, ಮೊದಲು ಮಣ್ಣು ಸುರಿಯಬೇಕು. ಮುಖದಿಂದ ಒಂದೂವರೆ ಮೀಟರ್ ಒಳಗೆ ದೊಡ್ಡ ರೋಲರ್ ಬರಕೂಡದು, ಬಂದರೆ ಬ್ಲಾಕು ಹೊರಕ್ಕೆ ವಾಲುತ್ತದೆ. ಅಲ್ಲಿ ಕೈಯಿಂದ ಓಡಿಸುವ ಪ್ಲೇಟ್ ಕಾಂಪ್ಯಾಕ್ಟರ್ ಮಾತ್ರ. ಆ ಒಂದೂವರೆ ಮೀಟರನ್ನು ಯಾರೂ ಸರಿಯಾಗಿ ಕುಟ್ಟುವುದಿಲ್ಲ, ಏಕೆಂದರೆ ಬೇಸರದ ಕೆಲಸ. ಎರಡನೇ ಮಳೆಗಾಲಕ್ಕೆ ಅಂಗಳದ ಅಂಚಿನಲ್ಲಿ ಉದ್ದಕ್ಕೆ ಬಿರುಕು ಕಾಣಿಸುವುದು ಹಾಗೆಯೇ.

ಅಡಿಕೆಸಾಲು

ಇಷ್ಟೊಂದು ವಿವರಕ್ಕೆ ಕೃತಜ್ಞ. ಮಣ್ಣಿನ ವಿಷಯ: ಧರೆಯ ಮೇಲಿನ ಒಂದು ಮೀಟರ್ ಕೆಂಪು ಜಂಬಿಟ್ಟಿಗೆ, ಗಟ್ಟಿ. ಅದರ ಕೆಳಗೆ ಹಳದಿ, ಬಿಳಿ, ಅಲ್ಲಲ್ಲಿ ತಿಳಿ ನೇರಳೆ. ಒಣಗಿದಾಗ ಗುದ್ದಲಿಗೆ ಬಗ್ಗುವುದಿಲ್ಲ. ಮಳೆಯಲ್ಲಿ ಕೈ ಹಾಕಿದರೆ ಬೆಣ್ಣೆ.

ಮುರಕಲ್ಲು

ಅದು ಶೇಡಿ ಮಣ್ಣು! ನಮ್ಮ ಕಡೆ ಕೆಂಪುಕಲ್ಲಿನ ಕ್ವಾರಿಯಲ್ಲಿ ಕಲ್ಲು ಮುಗಿದ ಕೂಡಲೇ ಅದೇ ಸಿಗುವುದು. ಶೇಡಿ ಕಂಡರೆ ಅಪ್ಪ ಹಾರೆ ಕೆಳಗಿಡುತ್ತಿದ್ದರು. ಅದನ್ನು ಗೋಡೆಯ ಹಿಂದೆ ತುಂಬುವ ಮಾತೇ ಬೇಡ. ಈ ವಿಷಯದಲ್ಲಿ ಮೇಡಂ ಏನು ಹೇಳಿದರೂ ನನ್ನ ಮಾತು ಇಷ್ಟೇ.

ಜರಡಿ

ನನ್ನ ಮಾತೂ ಅದೇ. ನೋಡಿ, ಒಂದು ವಿಷಯದಲ್ಲಿ ಸೇರಿದೆವು.

ಶೇಡಿಯ ತೊಂದರೆ ಏನೆಂದರೆ ಅದರಲ್ಲಿ ಹಿಟ್ಟಿನಂಥ ಸಣ್ಣ ಕಣ ಬಹಳ. ಒಣಗಿದ್ದಾಗಿನ ಗಟ್ಟಿತನ ನೀರು ಸೇರುತ್ತಲೇ ಹೋಗಿಬಿಡುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ 2014ರಲ್ಲಿ ಈ ಗೋಡೆಗಳಿಗೆಂದೇ ಒಂದು ಮಾರ್ಗಸೂಚಿ ತಂದಿದೆ, ಎಸ್‌ಪಿ 102 ಎಂದು. ರಸ್ತೆ ಕೆಲಸದಲ್ಲಿ ನಾವು ಪಾಲಿಸುವ ಮಿತಿ: 75 ಮೈಕ್ರಾನ್ ಜರಡಿಯಲ್ಲಿ ಇಳಿಯುವ ಕಣ 15 ಶೇಕಡಾ ಮೀರಬಾರದು, ಘರ್ಷಣೆಯ ಕೋನ 30 ಡಿಗ್ರಿಗೆ ಕಡಿಮೆ ಇರಬಾರದು. ನಿಮ್ಮ ಧರೆಯ ಮಣ್ಣನ್ನು ಜರಡಿಗೆ ಹಾಕದೆಯೇ ಹೇಳಬಲ್ಲೆ, ಅದು ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಆದರೂ ನನ್ನ ಮಾತು ನಂಬಬೇಡಿ. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಒಂದು ಚಿಟಿಕೆ ಬಟ್ಟೆ ಒಗೆಯುವ ಪುಡಿ ಹಾಕಿ, ಐದು ನಿಮಿಷ ಕುಲುಕಿ, ಕಿಟಕಿಯ ಮೇಲಿಡಿ. ಒಂದು ನಿಮಿಷದಲ್ಲಿ ತಳಕ್ಕೆ ಇಳಿದದ್ದು ಮರಳು. ಒಂದೆರಡು ಗಂಟೆಯಲ್ಲಿ ಇಳಿದದ್ದು ಹೂಳು. ಮರುದಿನವೂ ನೀರು ಕದಡಿದ್ದರೆ ಅದು ಜೇಡಿ. ಪ್ರಯೋಗಾಲಯದ ಪರೀಕ್ಷೆಗೆ ಇದು ಬದಲಿಯಲ್ಲ, ಕಣ್ಣಿಗೆ ಕಾಣಲಿ ಎಂದು ಅಷ್ಟೇ.

ಎರೆಹೊಲದವ

ಗದಗ ಕಡೆಯಿಂದ. ನಿಮ್ಮಲ್ಲಿ ಶೇಡಿ, ನಮ್ಮಲ್ಲಿ ಎರೆ. ಒದ್ದೆಯಾದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇಲ್ಲೊಬ್ಬರು ಸುಣ್ಣ ಬೆರೆಸಿದರೆ ಎರೆಯೂ ಸುಧಾರಿಸುತ್ತದೆ ಎಂದು ಹೇಳಿದರು. ಅಡಿಕೆಸಾಲು ಅವರು ಶೇಡಿಗೆ ಸುಣ್ಣ ಹಾಕಿದರೆ ಆಗುವುದಿಲ್ಲವೇ?

ಜರಡಿ

ರಸ್ತೆಯ ತಳಕ್ಕೆ ಸುಣ್ಣ ಬೆರೆಸುವುದು ಇದೆ. ಆದರೆ ಇಲ್ಲಿ ಒಳಗಿರುವ ಗ್ರಿಡ್ ಪಾಲಿಯೆಸ್ಟರ್ ಆಗಿದ್ದರೆ ಅದಕ್ಕೆ ಕ್ಷಾರ ಆಗದು. ಮಣ್ಣಿನ ಪಿಎಚ್ 9 ದಾಟಿದರೆ ಬಳಸಬೇಡಿ ಎನ್ನುತ್ತಾರೆ, ಸುಣ್ಣದ ಮಣ್ಣು ಅದನ್ನು ಸಲೀಸಾಗಿ ದಾಟುತ್ತದೆ. ಕಟ್ಟಡ ಒಡೆದ ಕಾಂಕ್ರೀಟ್ ಪುಡಿಯನ್ನು ತುಂಬಬಾರದು ಎನ್ನುವುದೂ ಇದೇ ಕಾರಣಕ್ಕೆ.

ಒಸಾಕದಿಂದ

ಓದುತ್ತಾ ಹೋದೆ, ಸುಮ್ಮನಿರಲಾಗಲಿಲ್ಲ. ಮುರಕಲ್ಲು ಅವರು ಕೇಳಿದ್ದು, ಒಳಗಿರುವುದನ್ನು ಹೇಗೆ ನಂಬುವುದು ಎಂದು. ಇಲ್ಲಿಗೆ ಹತ್ತಿರದ ಕೋಬೆಯಲ್ಲಿ 1995ರ ಜನವರಿ 17ರ ಭೂಕಂಪದಲ್ಲಿ ತಾನಾತಾ ಎಂಬಲ್ಲಿ ರೈಲುಮಾರ್ಗದ ಪಕ್ಕದ ಜಿಯೋಗ್ರಿಡ್ ಗೋಡೆ ಸ್ವಲ್ಪ ವಾಲಿತಷ್ಟೇ, ನಿಂತೇ ಇತ್ತು. ಸುತ್ತಲಿನ ಮರದ ಮನೆಗಳು ನೆಲಕ್ಕೊರಗಿದ್ದವು, ಹಳೆಯ ಮಾದರಿಯ ತಡೆಗೋಡೆಗಳು ಅಲ್ಲಲ್ಲಿ ಮುರಿದಿದ್ದವು. ಬಗ್ಗುವ ಗುಣ ಇದ್ದುದರಿಂದ ಉಳಿಯಿತು.

ಜಪಾನಿನವರ ಒಂದು ಕ್ರಮ ನನಗೆ ಮೆಚ್ಚುಗೆ. ಮೊದಲು ಗ್ರಿಡ್‌ನಲ್ಲಿ ಜಲ್ಲಿ ಚೀಲಗಳನ್ನು ಸುತ್ತಿ ಮಣ್ಣಿನ ರಾಶಿಯನ್ನು ಪೂರ್ತಿ ಎಬ್ಬಿಸುತ್ತಾರೆ. ಅದು ಕುಸಿಯುವಷ್ಟು ಕುಸಿದು, ಸರಿಯುವಷ್ಟು ಸರಿದು ತಣ್ಣಗಾಗುವವರೆಗೆ ಬಿಡುತ್ತಾರೆ. ಕಾಂಕ್ರೀಟಿನ ಮುಖ ಎರಕ ಹೊಯ್ಯುವುದು ಆಮೇಲೆ. ನಮ್ಮಲ್ಲಿ ಮುಖ ಮೊದಲು, ಮಣ್ಣು ಆಮೇಲೆ.

ಹೆದ್ದಾರಿಹುಳು

ನಮ್ಮಲ್ಲಿ ಆ ಕಾಯುವ ತಾಳ್ಮೆಗೆ ಟೆಂಡರಿನಲ್ಲಿ ಜಾಗ ಇರುವುದಿಲ್ಲ.

ಕೋಬೆಯ ಕಥೆಗೆ ಎದುರಾಗಿ ಇನ್ನೊಂದು ಹೇಳಬೇಕು, ಇಲ್ಲದಿದ್ದರೆ ಚಿತ್ರ ಅರ್ಧವಾಗುತ್ತದೆ. 2025ರ ಮೇ 19ರಂದು ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಏರಿ (ರಸ್ತೆ ಎತ್ತರಿಸಲು ತುಂಬಿದ ಮಣ್ಣಿನ ದಿಬ್ಬ), ಗೋಡೆಯ ಸಮೇತ ಕುಸಿಯಿತು. ನಮ್ಮ ಮಂಗಳೂರು, ಉಡುಪಿ, ಕಾರವಾರಕ್ಕೆ ಬರುವುದೂ ಇದೇ ಹೆದ್ದಾರಿ, ಹಾಗಾಗಿ ಆ ದಿನ ನಮ್ಮ ಫೋನುಗಳೆಲ್ಲ ಆ ಚಿತ್ರದಿಂದಲೇ ತುಂಬಿದ್ದವು. ಅಲ್ಲಿ ಏರಿ ಇದ್ದದ್ದು ಗದ್ದೆಯ ಮೇಲೆ. ಕೆಳಗಿನ ಮೆತ್ತನೆಯ ನೆಲ ಆ ಭಾರವನ್ನು ತಾಳಲಿಲ್ಲ. ಕೊನೆಗೆ ಆ ಜಾಗದಲ್ಲಿ ಏರಿ ಬಿಟ್ಟು ಕಂಬಗಳ ಮೇಲಿನ ಸೇತುವೆ ಮಾಡಲು ತೀರ್ಮಾನವಾಯಿತು. ನಾನು ಹೇಳಬಯಸುವುದು ಇಷ್ಟು: ಗೋಡೆಯೊಳಗಿನ ಗ್ರಿಡ್ ಚಿನ್ನದ್ದೇ ಆಗಿದ್ದರೂ, ಇಡೀ ರಾಶಿ ಕೂತಿರುವ ನೆಲ ಜಾರಿದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಅಡಿಕೆಸಾಲು ಅವರೇ, ನಿಮ್ಮ ಗೋಡೆಯ ಬುಡ ಬರುವುದು ತೋಟದ ಅಂಚಿಗೆ ತಾನೇ? ಅಲ್ಲಿ ನೆಲ ಹೇಗಿದೆ?

ಅಡಿಕೆಸಾಲು

ಬಾಟಲಿಯ ಫಲಿತಾಂಶ ಮೊದಲು. ನಿನ್ನೆ ಸಂಜೆ ನಾಲ್ಕಕ್ಕೆ ಕುಲುಕಿ ಅಡುಗೆಮನೆಯ ಕಿಟಕಿಯ ಮೇಲಿಟ್ಟೆ. ತಳದಲ್ಲಿ ಒಂದು ಬೆರಳಿನಷ್ಟು ಮಾತ್ರ ಮರಳು ಕೂತಿತು. ರಾತ್ರಿ ಊಟದ ಹೊತ್ತಿಗೆ ಅದರ ಮೇಲೆ ಮೂರು ಬೆರಳು ದಪ್ಪದ ಕೆನೆಬಣ್ಣದ ಪದರ. ಇವತ್ತು ಬೆಳಿಗ್ಗೆಯೂ ಮೇಲಿನ ನೀರು ಅಕ್ಕಿ ತೊಳೆದ ನೀರಿನ ಹಾಗೆಯೇ ಇದೆ. ಅಮ್ಮ ಅದನ್ನು ಗಂಜಿ ತಿಳಿ ಎಂದುಕೊಂಡು ದನದ ಬಾನಿಗೆ ಸುರಿಯಲು ಹೊರಟಿದ್ದರು.

ಗೋಡೆಯ ಬುಡ ತೋಟದ ಅಂಚೇ. ಅಡಿಕೆ ಸಾಲಿನ ಬಸಿಗಾಲುವೆಗಿಂತ ಎರಡು ಮೀಟರ್ ಮೇಲೆ. ಹಾರೆ ಹಾಕಿದರೆ ಅರ್ಧ ಮೀಟರ್ ಕೆಳಗೆ ಗಟ್ಟಿ ಸಿಗುತ್ತದೆ. ಆದರೆ ಆಟಿಯಲ್ಲಿ (ಆಷಾಢದ ಮಳೆಯಲ್ಲಿ) ಇಳಿಜಾರಿನ ನಡುವೆ ಎರಡು ಕಡೆ ಒರತೆ ಏಳುತ್ತದೆ, ಹೆಬ್ಬೆರಳು ಗಾತ್ರ. ಅದು ದೀಪಾವಳಿಯವರೆಗೂ ಹರಿಯುತ್ತದೆ.

ಜರಡಿ

ಆ ಎರಡು ಒರತೆಯ ವಿಷಯವನ್ನು ನೀವು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

ಮತ್ತೆ ಅದೇ ಲೆಕ್ಕಕ್ಕೆ ಬನ್ನಿ. 5 ಮೀಟರ್ ಆಳದಲ್ಲಿ ಒಳ್ಳೆಯ ಮಣ್ಣು ಪಕ್ಕಕ್ಕೆ ದೂಡುವುದು ಚದರ ಮೀಟರಿಗೆ 3 ಟನ್ ಎಂದೆ. ಈಗ ಅದರಲ್ಲಿ ಮೇಲಿನವರೆಗೆ ನೀರು ನಿಂತಿದೆ ಎನ್ನಿ. ಮಣ್ಣು ನೀರಿನಲ್ಲಿ ಹಗುರವಾಗುತ್ತದೆ, ಅದರ ದೂಡುವಿಕೆ 1.7 ಟನ್ನಿಗೆ ಇಳಿಯುತ್ತದೆ. ಆದರೆ ನೀರು ತಾನೇ 5 ಟನ್ ದೂಡುತ್ತದೆ. ನೀರಿಗೆ ಮೂರನೇ ಒಂದು ಪಾಲಿನ ರಿಯಾಯಿತಿ ಇಲ್ಲ, ಮೇಲಿನಿಂದ ಎಷ್ಟೋ ಪಕ್ಕಕ್ಕೂ ಅಷ್ಟೇ. ಒಟ್ಟು 6.7 ಟನ್, ಮೊದಲಿನ ಎರಡು ಪಟ್ಟಿಗೂ ಹೆಚ್ಚು. ಅದೇ ಹೊತ್ತಿಗೆ ಗ್ರಿಡ್ ಮೇಲಿನ ಮಣ್ಣು ಹಗುರವಾದ್ದರಿಂದ ಹಿಡಿತವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಳೆತ ಇಮ್ಮಡಿ, ಹಿಡಿತ ಅರ್ಧ.

ಅಮೆರಿಕದ ಕೋರ್ನರ್ ತಂದೆ ಮಗ ಇಬ್ಬರು ಕೆಟ್ಟುಹೋದ 171 ಜಿಯೋಸಿಂಥೆಟಿಕ್ (ಜಿಯೋಗ್ರಿಡ್‌ನಂಥ ಪ್ಲಾಸ್ಟಿಕ್ ಸಾಮಾನು ಹಾಸಿದ) ಗೋಡೆಗಳ ಪಟ್ಟಿ ಮಾಡಿ 2013ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 60 ಶೇಕಡಾ ಕೆಟ್ಟದ್ದು ನೀರಿನಿಂದ. 61 ಶೇಕಡಾ ಗೋಡೆಗಳಲ್ಲಿ ತುಂಬಿದ್ದು ಹೂಳು ಅಥವಾ ಜೇಡಿ. 86 ಶೇಕಡಾ ಗೋಡೆಗಳು ಕಟ್ಟಿ ನಾಲ್ಕು ವರ್ಷ ಆಗುವುದರೊಳಗೆ ಕೆಟ್ಟವು. ತಯಾರಾದ ಗ್ರಿಡ್ಡಿನ ದೋಷ ಎಂಬುದು ಅದರಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ನಿಮ್ಮ ಕಾಂಟ್ರಾಕ್ಟರ್ ಅಗ್ಗ ಮಾಡಲು ಹೊರಟಿರುವುದು ಸರಿಯಾಗಿ ಆ ಎರಡು ಜಾಗಗಳಲ್ಲಿಯೇ.

ಇನ್ನೂ ಒಂದಿದೆ. ನಿಮ್ಮ ಇಳಿಜಾರು 8 ಮೀಟರಿಗೆ 5 ಮೀಟರ್. ಗೋಡೆಯ ಬುಡದಲ್ಲಿ ನಿಂತು ಹಿಂದೆ ನೋಡಿದರೆ ಅಲ್ಲಿಂದಲೇ ಗುಡ್ಡ ಏರುತ್ತದೆ. ಕೆಳಗಿನ ಗ್ರಿಡ್ ಹಾಸಲು ಜಾಗ ಎಲ್ಲಿದೆ? ಗ್ರಿಡ್ ಉದ್ದ ಎತ್ತರದ 0.7 ಪಾಲು ಎಂಬುದು ರೂಢಿ, ಇಲ್ಲಿ ಮೂರೂವರೆ ಮೀಟರ್. ಮೇಲಿನ ಪದರಗಳಲ್ಲಿ, ಮುಖದ ಹಿಂದೆ ಹೊರಕ್ಕೆ ಜಾರಲು ನೋಡುವ ಮಣ್ಣಿನ ತುಂಡಿನ ಆಚೆಗೆ ಹಿಡಿತಕ್ಕೆ ಒಂದು ಮೀಟರ್ ಉಳಿಯಬೇಕಾದ್ದರಿಂದ ನಾನು 4 ಮೀಟರ್ ಕೇಳುತ್ತೇನೆ. ಅಂದರೆ ಬುಡದಲ್ಲಿ 4 ಮೀಟರ್ ಒಳಕ್ಕೆ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಒಳತುದಿಯಲ್ಲಿ ಎರಡೂವರೆ ಮೀಟರ್ ಎತ್ತರದ ಕಡಿತ ನಿಲ್ಲುತ್ತದೆ. ಮೆಟ್ಟಿಲು ಮಾಡದೆ ಇಳಿಜಾರಿನ ಹುಲ್ಲಿನ ಮೇಲೇ ಮಣ್ಣು ಸುರಿದರೆ, ಹಳೆ ನೆಲಕ್ಕೂ ಹೊಸ ಮಣ್ಣಿಗೂ ನಡುವೆ ಜಾರುಬಂಡೆ ಸಿದ್ಧ. ಒರತೆ ಅದಕ್ಕೆ ಎಣ್ಣೆ ಹಚ್ಚುತ್ತದೆ.

ಮುರಕಲ್ಲು

ಹಾಗಾದರೆ ಒರತೆಯ ಬಾಯಿಗೆ ಏನು ಮಾಡುವುದು ಮೇಡಂ? ಮುಚ್ಚಿದರೆ ಪಕ್ಕದಲ್ಲಿ ಏಳುತ್ತದೆ. ಅಪ್ಪ ಒರತೆಯ ಬಾಯಿಗೆ ಕಲ್ಲಿನ ತೂಬು ಇಟ್ಟು ಗೋಡೆಯ ಹೊರಗೆ ತಂದುಬಿಡುತ್ತಿದ್ದರು.

ಜರಡಿ

ಅದೇ ಉಪಾಯ, ಸಾಮಾನು ಮಾತ್ರ ಹೊಸದು. ಮೆಟ್ಟಿಲು ಕಡಿದ ಮುಖಕ್ಕೆ ಜಲ್ಲಿಯ ಪದರ, ಅದಕ್ಕೆ ಸೋಸುವ ಬಟ್ಟೆ, ಬುಡದಲ್ಲಿ ತೂತಿನ ಪೈಪು. ಪೈಪು ಗೋಡೆಯ ಎರಡೂ ತುದಿಗೆ ಇಳಿಜಾರಾಗಿ ಹೋಗಿ ಹೊರಗೆ ಬಾಯಿ ಬಿಡಬೇಕು. ಎರಡು ಒರತೆಗಳಿಗೂ ಬೇರೆ ಬೇರೆ ಪೈಪು ಕೊಡಿ. ಬ್ಲಾಕಿನ ಬೆನ್ನಿಗೂ ಜಲ್ಲಿಯ ಪದರ ಬೇಕು. ಹೆದ್ದಾರಿ ಕೆಲಸದಲ್ಲಿ 60 ಸೆಂಟಿಮೀಟರ್ ದಪ್ಪ ಹಾಕುತ್ತಾರೆ. ಅಂಗಳದ ಮೇಲ್ಮೈ ಮನೆಯ ಕಡೆಗೆ ವಾಲಿ ಅಲ್ಲೊಂದು ಚರಂಡಿಗೆ ನೀರು ಇಳಿಯಲಿ, ಗೋಡೆಯ ನೆತ್ತಿಯ ಕಡೆಗೆ ಬೇಡ.

ಕುತೂಹಲಿ

ಸೋಸುವ ಬಟ್ಟೆ ಇಲ್ಲದಿದ್ದರೆ?

ಹೆದ್ದಾರಿಹುಳು

ಶೇಡಿ ನೀರಿನ ಜೊತೆ ಜಲ್ಲಿಯೊಳಗೆ ಬರುತ್ತದೆ. ಮೂರು ಮಳೆಗಾಲದಲ್ಲಿ ಜಲ್ಲಿ ಕಟ್ಟಿಕೊಳ್ಳುತ್ತದೆ. ಆಮೇಲೆ ಪೈಪಿನ ಬಾಯಿ ಒಣಗಿರುತ್ತದೆ, ಎಲ್ಲರೂ ನೀರೇ ಇಲ್ಲ ಎಂದು ಖುಷಿಪಡುತ್ತಾರೆ. ಮಲೆನಾಡಿನ ಮಳೆಯಲ್ಲಿ ಒಣಗಿದ ಪೈಪು ಕಂಡರೆ ನಾನು ಗೋಡೆಯಿಂದ ದೂರ ನಿಲ್ಲುತ್ತೇನೆ.

ಮತ್ತೊಂದು, ಇದು ಮನೆಗಳ ಕೆಲಸದಲ್ಲಿ ಮಾತ್ರ ಬರುವ ತೊಂದರೆ. ಹೆದ್ದಾರಿಯ ಅಂಚಿನಲ್ಲಿ ಯಾರೂ ಗುಂಡಿ ತೋಡುವುದಿಲ್ಲ. ಅಂಗಳದಲ್ಲಿ ತೋಡುತ್ತಾರೆ. ಐದು ವರ್ಷದ ನಂತರ ಸಂಪು, ಇಂಗುಗುಂಡಿ, ದೀಪದ ಕಂಬ, ಮದುವೆ ಚಪ್ಪರದ ಗೂಟ, ಏನೋ ಒಂದಕ್ಕೆ ಅಗೆಯುವಾಗ ಕಪ್ಪು ಬಲೆ ಸಿಗುತ್ತದೆ, ಕೆಲಸದವರು ಕತ್ತಿಯಿಂದ ಕತ್ತರಿಸಿ ಎಸೆಯುತ್ತಾರೆ. ಮುಖದಿಂದ 4 ಮೀಟರ್ ಒಳಗೆ ಅಗೆಯಬಾರದು ಎಂದು ಅಂಗಳದ ಕಾಂಕ್ರೀಟಿನಲ್ಲೇ ಒಂದು ಗೆರೆ ಎಳೆದುಬಿಡಿ.

ಮುರಕಲ್ಲು

ಇದು ಒಳ್ಳೆಯ ಮಾತು. ನನ್ನ ಕೆಂಪುಕಲ್ಲಿಗೆ ಈ ತೊಂದರೆ ಇಲ್ಲ ಎಂಬುದನ್ನೂ ಬರೆದುಕೊಳ್ಳಿ. 😄

ಅಡಿಕೆಸಾಲು

ಒಂದು ವಾರ ಆಯಿತು, ಇಲ್ಲಿಗೆ ಬರಲಾಗಲಿಲ್ಲ. ಕಾಂಟ್ರಾಕ್ಟರನ್ನು ಕರೆಸಿ ಬಾಟಲಿ ತೋರಿಸಿದೆ. ಗ್ರಿಡ್ ಇರುವಾಗ ಯಾವ ಮಣ್ಣಾದರೇನು ಎಂದರು. ಸುರುಳಿಯ ಬಲದ ದಿಕ್ಕು ಯಾವುದು ಎಂದು ಕೇಳಿದೆ. ಎರಡೂ ದಿಕ್ಕು ಎಂದರು. ಕಾಫಿ ಕೊಟ್ಟು ಕಳುಹಿಸಿದೆ.

ಆಮೇಲೆ ಅಮ್ಮ ಒಂದು ಪ್ರಶ್ನೆ ಕೇಳಿದರು: ಅಡಿಕೆ ಹರಡಲು 8 ಮೀಟರ್ ಯಾಕೆ, ಇರುವ ಅಂಗಳಕ್ಕೆ ಐದಾರು ಸೇರಿದರೆ ಸಾಲದೇ ಎಂದು. ಹಗ್ಗ ಹಿಡಿದು ಅಳೆದೆವು. 5.5 ಮೀಟರ್ ಹೊರಕ್ಕೆ ಬಂದರೆ ಎತ್ತರ ಸುಮಾರು 3.4 ಮೀಟರಿಗೆ ನಿಲ್ಲುತ್ತದೆ. ಮೇಲಿನ ಒರತೆ ಒಳಗೇ ಬರುತ್ತದೆ, ಕೆಳಗಿನದು ಗೋಡೆಯ ಹೊರಗೆ ಉಳಿಯುತ್ತದೆ. ಮೇಡಂ, ಈ ಎತ್ತರಕ್ಕೆ ಗ್ರಿಡ್ ಗೋಡೆಯೇ ಬೇಕೇ?

ಜರಡಿ

ನಿಮ್ಮ ಅಮ್ಮನನ್ನು ವಿನ್ಯಾಸದ ತಂಡಕ್ಕೆ ಸೇರಿಸಿಕೊಳ್ಳಿ. ಗೋಡೆಯ ಮೇಲಿನ ಒಟ್ಟು ನೂಕು ಎತ್ತರದ ವರ್ಗದಂತೆ ಏರುತ್ತದೆ. 5ರಿಂದ 3.4ಕ್ಕೆ ಇಳಿದಾಗ ನೂಕು ಅರ್ಧಕ್ಕಿಂತ ಕಡಿಮೆಯಾಯಿತು.

ಈ ಎತ್ತರಕ್ಕೆ ಮೂರು ದಾರಿಯೂ ತೆರೆದಿವೆ. ಗ್ರಿಡ್ ಗೋಡೆಗೆ 3 ಮೀಟರ್ ಉದ್ದದ ಗ್ರಿಡ್ ಸಾಕು. ಕಬ್ಬಿಣದ ಕಾಂಕ್ರೀಟ್ ಗೋಡೆಯೂ ಆಗುತ್ತದೆ. ತಂತಿ ಬುಟ್ಟಿಯಲ್ಲಿ ಕಲ್ಲು ತುಂಬುವ ಗೇಬಿಯನ್ ಕೂಡ ಆಗುತ್ತದೆ, ಘಾಟಿ ರಸ್ತೆಗಳಲ್ಲಿ ನೋಡಿರುತ್ತೀರಿ. ಒರತೆ ಇರುವ ಜಾಗಕ್ಕೆ ನನ್ನ ಒಲವು ಗೇಬಿಯನ್ ಕಡೆ, ಏಕೆಂದರೆ ಇಡೀ ಮುಖವೇ ನೀರಿಗೆ ಬಾಗಿಲು. ಮುರಕಲ್ಲು ಅವರಿಗೂ ಕಣ್ಣೆದುರಿಗೆ ಕಲ್ಲು ಕಾಣುತ್ತದೆ. ಯಾವುದನ್ನೇ ಆರಿಸಿದರೂ ಹಿಂದೆ ತುಂಬುವುದು ಶೇಡಿ ಅಲ್ಲ, ಜರಡಿ ಪರೀಕ್ಷೆಯಲ್ಲಿ ಪಾಸಾದ ಗರಸು ಅಥವಾ ಕ್ವಾರಿಯ ಸಾಮಾನು. ಮತ್ತು ಸ್ಥಳ ನೋಡಿ ಸಹಿ ಹಾಕುವ ಎಂಜಿನಿಯರ್ ಒಬ್ಬರು ಬೇಕೇ ಬೇಕು. ನಾನು ಇಲ್ಲಿ ಕೂತು ಹೇಳಿದ ಅಂಕಿಗಳ ಮೇಲೆ ಕಟ್ಟಬೇಡಿ. ಹಿಂದಿನ ಧರೆಯನ್ನು ಈ ಕೆಲಸದೊಂದಿಗೆ ಸೇರಿಸಬೇಡಿ, ಅದಕ್ಕೆ ಬೇರೆ ಲೆಕ್ಕ. ಸದ್ಯಕ್ಕೆ ಧರೆಯ ನೆತ್ತಿಯಲ್ಲಿ ಒಂದು ಅಡ್ಡಗಾಲುವೆ ತೆಗೆದು ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಿ.

ಮುರಕಲ್ಲು

ಬುಟ್ಟಿಯಾದರೆ ನಾನೂ ಒಪ್ಪುತ್ತೇನೆ. ಆದರೆ ಕಲ್ಲನ್ನು ಜೆಸಿಬಿಯಿಂದ ಸುರಿಸಬೇಡಿ, ಕೈಯಲ್ಲಿ ಜೋಡಿಸಿ. ಸುರಿದ ಬುಟ್ಟಿ ಗರ್ಭಿಣಿಯಂತೆ ಉಬ್ಬುತ್ತದೆ. ಕೆಂಪುಕಲ್ಲು ಅದಕ್ಕೆ ಬೇಡ, ತಂತಿಗೆ ಉಜ್ಜಿ ಪುಡಿಯಾಗುತ್ತದೆ. ಕರಿಕಲ್ಲೇ ಆಗಬೇಕು. ಇದನ್ನು ಹೇಳಲು ನನಗೆ ಎಷ್ಟು ಕಷ್ಟವಾಯಿತು ಎಂದು ನಿಮಗೆ ಗೊತ್ತಿಲ್ಲ.

ಇನ್ನೊಂದು ಕೇಳುವುದಿತ್ತು. ಮೊದಲ ದಿನ ಬಚ್ಚಲಿನ ಗೋಡೆ ಎಂದಿರಿ. ಆ ಬಚ್ಚಲ ನೀರು ಈಗ ಎಲ್ಲಿಗೆ ಹೋಗುತ್ತದೆ?

ಅಡಿಕೆಸಾಲು

ಮನೆಯ ಪಕ್ಕದಿಂದ ಪೈಪಿನಲ್ಲಿ ಬಂದು ಅಂಗಳದ ಕೆಳಗಿನ ಬಾಳೆಬುಡಕ್ಕೆ. ಅಜ್ಜನ ಕಾಲದಿಂದಲೂ ಅಲ್ಲೇ.

ಮುರಕಲ್ಲು

ಆ ಬಾಳೆಬುಡ ಹೊಸ ಗೋಡೆಯ ಗೆರೆಯಿಂದ ಎಷ್ಟು ದೂರ?

ಅಡಿಕೆಸಾಲು

ಈಗಷ್ಟೇ ಟೇಪು ಹಿಡಿದು ಅಳೆದು ಬಂದೆ. ಗೆರೆಯ ಒಳಗಡೆ, ಎರಡು ಮೀಟರ್. ತುಂಬುವ ಮಣ್ಣಿನ ನಟ್ಟನಡುವೆ. ಮೇಲಿನ ಒರತೆ ಎಂದುಕೊಂಡದ್ದರಲ್ಲಿ ಅರ್ಧ ಅದೇ ಇರಬೇಕು. ನಾಳೆ ಪ್ಲಂಬರ್ ಬರುತ್ತಾನೆ.